ಸೀಲ್ ಒಡೆಯೋದಾ, ಬೇಡ್ವಾ? ಲಿಮಿಟೆಡ್ ಎಡಿಷನ್ ಕಂಟ್ರೋಲರ್‌ನ ಲೆಕ್ಕ

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದ್ದು ಕೆಂಗೇರಿ ಉಪನಗರದ ಒಬ್ಬ ಹುಡುಗ. ಪಿಯುಸಿ ಮುಗಿಸಿ ಈಗಷ್ಟೇ ಬಿಸಿಎ ಸೇರಿದ್ದಾನೆ. ಹೆಸರು ಹೇಳಲ್ಲ, ಕಾರಣ ಮುಂದೆ ಗೊತ್ತಾಗುತ್ತೆ. ಅವನು ಹೇಳಿದ್ದು ಹೀಗೆ:

"ಅಣ್ಣಾ, ನಮ್ಮ ಮಾಮ ಅಮೆರಿಕದಿಂದ ಬರ್ತಾ ಪ್ಲೇಸ್ಟೇಷನ್ 30ನೇ ವರ್ಷದ ಕಂಟ್ರೋಲರ್ ತಂದುಕೊಟ್ರು. ಪಿಯುಸಿ ಪಾಸಾಗಿದ್ದಕ್ಕೆ ಗಿಫ್ಟ್. ಸೀಲ್ ಇನ್ನೂ ಒಡೆದಿಲ್ಲ. ನನ್ನ ಹಳೇ ಕಂಟ್ರೋಲರ್ ಡ್ರಿಫ್ಟ್ ಆಗ್ತಿದೆ. ಇದನ್ನ ಓಪನ್ ಮಾಡಿ ಆಡ್ಲಾ, ಒಳಗೆ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸ್ಲಾ, ಇಲ್ಲಾ ಮಾರ್ಬಿಡ್ಲಾ? ಒಬ್ಬರು 14 ಸಾವಿರ ಕೊಡ್ತೀನಿ ಅಂತಿದ್ದಾರೆ. ಲ್ಯಾಪ್‌ಟಾಪ್ ಬೇರೆ ತಗೋಬೇಕು. ಮಾಮ ಇನ್ನೂ ಎರಡು ವಾರ ಇಲ್ಲೇ ಇರ್ತಾರೆ, ಅದೇ ಪ್ರಾಬ್ಲಂ."

ಕೊನೆಯ ವಾಕ್ಯ ಕೇಳಿ ನನಗೆ ನಗು ಬಂತು. ಆದರೆ ಪ್ರಶ್ನೆ ಸಣ್ಣದಲ್ಲ. 14 ಸಾವಿರ ಅಂದರೆ ಅವನ ಮನೆಯಲ್ಲಿ ಸಣ್ಣ ದುಡ್ಡಲ್ಲ, ಬೆಂಗಳೂರಿನ ಎಷ್ಟೋ ಮನೆಗಳಲ್ಲೂ ಅಲ್ಲ. ಹಾಗಾಗಿ ಒಂದು ವಾರ ಇದರ ಹಿಂದೆ ಬಿದ್ದೆ. ಒಬ್ಬ ರಿಪೇರಿಯವರ ಹತ್ತಿರ ಕೂತೆ, ನನ್ನ ಬಿಕಾಂ ನೋಟ್ಸ್ ತೆಗೆದೆ, ಅಟ್ಟದ ಮೇಲಿಂದ ಒಂದು ಹಳೇ ಡಬ್ಬಿಯನ್ನೂ ಇಳಿಸಿದೆ. ಆ ಡಬ್ಬಿ ಕಥೆ ಆಮೇಲೆ.

ಮೊದಲು ಈ ವಸ್ತು ಏನು ಅಂತ ನೋಡೋಣ. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದಿದ್ದು 1994ರ ಡಿಸೆಂಬರ್ 3ರಂದು. ಅದರ 30ನೇ ವರ್ಷಕ್ಕೆ ಸೋನಿ 2024ರ ನವೆಂಬರ್ 21ರಂದು ಒಂದು ಸರಣಿ ಬಿಡುಗಡೆ ಮಾಡಿತು. ಎಲ್ಲವೂ ಹಳೇ ಪ್ಲೇಸ್ಟೇಷನ್‌ನ ಬೂದು ಬಣ್ಣದ್ದು, ಮೇಲೆ ನಾಲ್ಕು ಬಣ್ಣದ ಲೋಗೋ. ಅದರಲ್ಲಿ ರಾಜ ಅಂದರೆ ಪಿಎಸ್5 ಪ್ರೊ ಬಂಡಲ್. ಇಡೀ ಜಗತ್ತಿಗೆ 12,300 ಮಾತ್ರ, ಪ್ರತಿಯೊಂದಕ್ಕೂ ಅದರದೇ ನಂಬರ್. ಅಮೆರಿಕದಲ್ಲಿ ಬೆಲೆ ಹತ್ತಿರ ಹತ್ತಿರ 1,000 ಡಾಲರ್. 12,300 ಯಾಕೆ ಅಂದರೆ 12ನೇ ತಿಂಗಳು, 3ನೇ ತಾರೀಖು. 2014ರಲ್ಲಿ 20ನೇ ವರ್ಷದ ಪಿಎಸ್4 ಬಂದಾಗಲೂ ಇದೇ ಸಂಖ್ಯೆ ಇಟ್ಟಿದ್ದರು.

ನಮ್ಮ ದೇಶದ ಕಥೆ ಬೇರೆ. ಪಿಎಸ್5 ಪ್ರೊ ಬಂದ ಹೊತ್ತಿಗೆ ಅದನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಮಾಡಲಿಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ಆಗ ಇಲ್ಲಿ ಅನುಮತಿ ಇರಲಿಲ್ಲ, ಅಂಥ ದೇಶಗಳಲ್ಲಿ ಮಾರಲ್ಲ ಅಂತ ಸೋನಿಯೇ ಹೇಳಿತ್ತು. ಅಂದರೆ ಆ ಬಂಡಲ್ ಇಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಅದು ಯಾರದೋ ಸೂಟ್‌ಕೇಸ್‌ನಲ್ಲಿ ಅಥವಾ ಆಮದು ವ್ಯಾಪಾರಿಗಳ ಕೈಯಿಂದ ಬಂದಿರಬೇಕು.

ನಮ್ಮ ಹುಡುಗನ ಹತ್ತಿರ ಇರೋದು ಬಂಡಲ್ ಅಲ್ಲ, ಬರೀ ಡ್ಯುಯಲ್‌ಸೆನ್ಸ್ ಕಂಟ್ರೋಲರ್. ಅಮೆರಿಕದಲ್ಲಿ 79.99 ಡಾಲರ್, ಅಂದಿನ ಲೆಕ್ಕದಲ್ಲಿ 6,700 ರೂಪಾಯಿ ಆಸುಪಾಸು. ಇಲ್ಲಿ ಒಂದು ವಿಷಯ ಗಮನಿಸಿ. 12,300 ಅನ್ನೋ ಗ್ಯಾರಂಟಿ ಪ್ರೊ ಬಂಡಲ್‌ಗೆ ಮಾತ್ರ. ಕಂಟ್ರೋಲರ್‌ಗೆ ಅಂಥ ನಂಬರ್ ಇಲ್ಲ. ಎರಡಕ್ಕೂ "ಲಿಮಿಟೆಡ್" ಅಂತಲೇ ಹೆಸರು, ಆದರೆ ಒಂದರಲ್ಲಿ ಮಿತಿ ಎಷ್ಟು ಅಂತ ಗೊತ್ತು, ಇನ್ನೊಂದರಲ್ಲಿ ಬರೀ ಪದವನ್ನು ನಂಬಬೇಕು.

ಪದವನ್ನು ನಂಬಿದರೆ ಏನಾಗಬಹುದು ಅನ್ನೋದಕ್ಕೆ ಗೇಮಿಂಗ್ ಜಗತ್ತಿನಲ್ಲೇ ಒಂದು ಹಳೇ ಪಾಠ ಇದೆ. ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಕೇಳಿರ್ತೀರಿ. 1995ರಲ್ಲಿ ಅದರ ಕಂಪನಿ ಕ್ರಾನಿಕಲ್ಸ್ ಅನ್ನೋ ಸೆಟ್ ತಂದು, ಜನ ಅಪರೂಪ ಅಂತ ಕೂಡಿಟ್ಟಿದ್ದ ಹಳೇ ಕಾರ್ಡ್‌ಗಳನ್ನು ಮತ್ತೆ ಪ್ರಿಂಟ್ ಹಾಕಿಬಿಟ್ಟಿತು. ಕೂಡಿಟ್ಟವರು ರೊಚ್ಚಿಗೆದ್ದರು. 1996ರಲ್ಲಿ ಕಂಪನಿ "ಈ ಪಟ್ಟಿಯಲ್ಲಿರೋ ಕಾರ್ಡ್‌ಗಳನ್ನ ಇನ್ಮುಂದೆ ಮರುಮುದ್ರಣ ಮಾಡಲ್ಲ" ಅಂತ ಮಾತು ಕೊಡಬೇಕಾಯ್ತು. ಮಾತು ಕೊಟ್ಟ ಕಾರ್ಡ್ ಬೇರೆ, ಕೊಡದ ಕಾರ್ಡ್ ಬೇರೆ. ನಿಮ್ಮ ಕೈಯಲ್ಲಿರೋದು ಯಾವುದು ಅಂತ ಮೊದಲು ತಿಳ್ಕೊಳ್ಳಿ.

ಇನ್ನೊಂದು ಗೊಂದಲ ನಮ್ಮ ಊರಿನದೇ. 2021ರ ಫೆಬ್ರುವರಿ 2ಕ್ಕೆ ಪಿಎಸ್5 ಭಾರತಕ್ಕೆ ಬಂತಲ್ಲ, ಆಗ ನೆನಪಿದೆಯಾ? ಜನವರಿ 12ರ ಮಧ್ಯಾಹ್ನ ಪ್ರೀ ಆರ್ಡರ್, ನಿಮಿಷಗಳಲ್ಲಿ ಖಾಲಿ. ನಾನು ಮೂರು ಟ್ಯಾಬ್ ಓಪನ್ ಮಾಡಿ ಕೂತಿದ್ದೆ, ಮೂರೂ ತಿರುಗ್ತಾನೇ ಇದ್ವು. ಎಂಆರ್‌ಪಿ 49,990. ಆಮೇಲೆ ಕೈಯಿಂದ ಕೈಗೆ ಅದರ ಮೇಲೆ ಎಷ್ಟೋ ಸಾವಿರ ಇಟ್ಟು ಮಾರಿದರು, ಜನ ತಗೊಂಡರು ಕೂಡ. ಆದರೆ 2023ರಲ್ಲಿ ಕಂಪನಿಯೇ ಇಲ್ಲಿ 7,500 ರೂಪಾಯಿ ಡಿಸ್ಕೌಂಟ್ ಕೊಟ್ಟು ಮಾರಿತು. 2021ರಲ್ಲಿ "ಇಟ್ಕೊಂಡ್ರೆ ಇನ್ನೂ ಏರುತ್ತೆ" ಅಂತ ಒಂದು ಎಕ್ಸ್‌ಟ್ರಾ ಕೊಂಡಿಟ್ಟವನ ಗತಿ ಯೋಚನೆ ಮಾಡಿ. ಸ್ಟಾಕ್ ಬರೋವರೆಗಿನ ಕೊರತೆ ಬೇರೆ, ಇನ್ನು ಮುಂದೆ ತಯಾರಾಗಲ್ಲ ಅನ್ನೋ ಕೊರತೆ ಬೇರೆ.

ಸರಿ, ಈಗ ಡಬ್ಬಿ ಕಥೆ.

ನಾನು ಹೈಸ್ಕೂಲಲ್ಲಿದ್ದಾಗ ದುಬೈನಿಂದ ಬಂದ ದೊಡ್ಡಪ್ಪ ಒಂದು ಕೈಯಲ್ಲಿ ಹಿಡಿದು ಆಡೋ ಗೇಮ್ ಸಾಧನ ಕೊಟ್ಟರು. ಸ್ಪೆಷಲ್ ಎಡಿಷನ್, ಕಡುಕೆಂಪು ಬಣ್ಣ. ಯಾವ ಕಂಪನಿ ಅನ್ನೋದು ಬೇಡ, ಏಕೆಂದರೆ ತಪ್ಪು ಪೂರ್ತಿ ನಂದು. ನಮ್ಮ ಬಸವೇಶ್ವರನಗರದ ಮನೆಯಲ್ಲಿ ಅದಕ್ಕೆ ಬೆಳ್ಳಿ ಲೋಟದ ಮರ್ಯಾದೆ. ಒಂದು ತಿಂಗಳು ಆಡಿ, "ಇದು ಮುಂದೆ ಬೆಲೆ ಬಾಳುತ್ತೆ" ಅಂತ ನಾನೇ ತೀರ್ಮಾನ ಮಾಡಿ, ಡಬ್ಬಿಗೆ ಹಾಕಿ ಅಮ್ಮನಿಗೆ ಕೊಟ್ಟೆ. ಅಮ್ಮ ಅದನ್ನ ರೇಷ್ಮೆ ಸೀರೆ ಥರ ಜೋಪಾನ ಮಾಡಿದರು. ಹಳೇ ಟವೆಲ್‌ನಲ್ಲಿ ಸುತ್ತಿ, ಎರಡು ನುಸಿಗುಳಿಗೆ ಹಾಕಿ, ಅಟ್ಟದ ಮೇಲೆ. ಅಟ್ಟದ ಮೇಲೆ ಏನಿದೆ? ತಾರಸಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೈ ಇಡೋಕಾಗಲ್ಲ.

ಮೊನ್ನೆ ಇಳಿಸಿ ನೋಡಿದೆ. ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳವನ್ನ ಎತ್ತಿಬಿಟ್ಟಿತ್ತು. ಹಿಡಿಕೆಯ ಜಾಗ ಅಂಟಂಟು. ಪರದೆಯ ಮೇಲೆ ಮಬ್ಬು. ಡಬ್ಬಿ ಮಾತ್ರ ಹೊಸದರ ಥರ ಇತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, "ಮುಟ್ಟದೆ ಇಡೋದೇ ಸೇಫ್" ಅಂತ ಎಲ್ಲರೂ ಅಂದ್ಕೋತಾರೆ. ಚಿನ್ನಕ್ಕೆ ಅದು ನಿಜ. ಎಲೆಕ್ಟ್ರಾನಿಕ್ಸ್‌ಗೆ ಅಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೂ ತಾನಾಗೇ ನಿಧಾನಕ್ಕೆ ಖಾಲಿಯಾಗುತ್ತೆ. ತೀರಾ ಕೆಳಗೆ ಇಳಿದರೆ ಒಳಗಿನ ರಸಾಯನ ಕೆಡುತ್ತೆ, ಮತ್ತೆ ಚಾರ್ಜ್ ಹಿಡಿಯಲ್ಲ. ಫುಲ್ ಚಾರ್ಜ್ ಮಾಡಿ ಬಿಸಿ ಜಾಗದಲ್ಲಿ ಇಟ್ಟರೂ ಬೇಗ ಹಾಳಾಗುತ್ತೆ. ಅರ್ಧದ ಆಸುಪಾಸು ಚಾರ್ಜ್, ತಂಪು ಜಾಗ, ಕೆಲವು ತಿಂಗಳಿಗೊಮ್ಮೆ ತೆಗೆದು ನೋಡೋದು, ಇಷ್ಟು ಬೇಕು. ಸೀಲ್ ಒಡೆಯದ ಡಬ್ಬಿಯಲ್ಲಿ ಇದನ್ನ ಹೇಗೆ ಮಾಡ್ತೀರಿ? ಮಾಡೋಕಾಗಲ್ಲ. ಸೀಲ್ ಇಟ್ಟುಕೊಂಡವರು ಡಬ್ಬಿಯನ್ನ ಉಳಿಸ್ತಾ ಒಳಗಿರೋದನ್ನ ನಿಧಾನಕ್ಕೆ ಕಳ್ಕೋತಿರ್ತಾರೆ. ಬೂದು, ಬಿಳಿ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತೆ. ಮೆತ್ತಗಿನ ರಬ್ಬರ್ ಥರದ ಲೇಪನಗಳು ತೇವಕ್ಕೆ ಅಂಟಾಗುತ್ತವೆ. ನುಸಿಗುಳಿಗೆಯ ಆವಿಯೂ ಕೆಲವು ಪ್ಲಾಸ್ಟಿಕ್‌ಗಳಿಗೆ ಆಗಿಬರಲ್ಲ. ಅಮ್ಮನಿಗೆ ಇದನ್ನ ಹೇಳಿದೆ. "ಸೀರೆಗೇನೂ ಆಗಿಲ್ವಲ್ಲ" ಅಂದರು.

ಸೀಲ್‌ನ ಇನ್ನೊಂದು ತೊಂದರೆ ಅಂದರೆ ಒಳಗೆ ಏನಿದೆ ಅಂತ ಯಾರೂ ನೋಡಿರಲ್ಲ. ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಕಾರ್ಡ್‌ಗಳ ಸೀಲಾದ ಪೆಟ್ಟಿಗೆ ಕೊಂಡ. 2022ರ ಜನವರಿಯಲ್ಲಿ ಒಡೆದು ನೋಡಿದರೆ ಒಳಗೆ ಜಿ.ಐ. ಜೋ ಕಾರ್ಡ್‌ಗಳು. ಅಷ್ಟು ದುಡ್ಡು ಇರೋರಿಗೇ ಹೀಗಾದರೆ, ಮೆಜೆಸ್ಟಿಕ್‌ನಲ್ಲಿ ನಿಂತು ಶ್ರಿಂಕ್ ರ‍್ಯಾಪ್ ಮುಟ್ಟಿ ನೋಡಿ ಕೊಳ್ಳೋ ನಮ್ಮ ಪಾಡು ಹೇಳಿ.

ಈಗ ಮಾಡಿಫೈ ಮಾಡೋ ವಿಷಯ. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಹುಡುಗನ ಪ್ರಶ್ನೆಯ ಬೇರು ಇಲ್ಲೇ ಇದೆ.

ಡ್ರಿಫ್ಟ್ ಅಂದರೆ ಏನು? ನೀವು ಸ್ಟಿಕ್ ಮುಟ್ಟದೇ ಇದ್ದರೂ ಆಟದಲ್ಲಿ ಪಾತ್ರ ತಾನಾಗೇ ನಡೆಯೋದು, ಕ್ಯಾಮೆರಾ ತಾನಾಗೇ ತಿರುಗೋದು. ಮಾಮೂಲಿ ಡ್ಯುಯಲ್‌ಸೆನ್ಸ್‌ನ ಸ್ಟಿಕ್ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತೆ. ಹಳೇ ರೇಡಿಯೋದ ವಾಲ್ಯೂಮ್ ನಾಬ್ ಇತ್ತಲ್ಲ, ಅದೇ ತತ್ವ. ಒಂದು ತೆಳು ಪಟ್ಟಿಯ ಮೇಲೆ ಸಣ್ಣ ಲೋಹದ ಕೈ ಉಜ್ಜಿಕೊಂಡು ಓಡಾಡುತ್ತೆ, ಅದು ಎಲ್ಲಿದೆ ಅನ್ನೋದರ ಮೇಲೆ ಕಂಟ್ರೋಲರ್‌ಗೆ ದಿಕ್ಕು ಗೊತ್ತಾಗುತ್ತೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತೆ, ಧೂಳೂ ಸೇರುತ್ತೆ. ಆಗ ರೇಡಿಯೋ ಕರಕರ ಅಂತಿತ್ತು, ಈಗ ಪಾತ್ರ ಗೋಡೆ ಕಡೆ ನಡೆಯುತ್ತೆ. ಐಫಿಕ್ಸಿಟ್ ಅನ್ನೋ ರಿಪೇರಿ ತಾಣದವರು 2021ರಲ್ಲಿ ಲೆಕ್ಕ ಹಾಕಿದ್ದರು. ಈ ಭಾಗದ ಆಯುಷ್ಯ 20 ಲಕ್ಷ ಸಲ ತಿರುಗೋವರೆಗೆ, ಕಾಲ್ ಆಫ್ ಡ್ಯೂಟಿಯಂಥ ಆಟದಲ್ಲಿ ಅದು ಸುಮಾರು 417 ಗಂಟೆಗೆ ಮುಗಿಯಬಹುದು ಅಂತ. ದಿನಕ್ಕೆ ಎರಡು ಗಂಟೆ ಆಡೋನಿಗೆ ಏಳು ತಿಂಗಳು. ಹಾಗಂತ ಎಲ್ಲರದೂ ಏಳು ತಿಂಗಳಿಗೆ ಕೆಡುತ್ತೆ ಅಂತಲ್ಲ, ನಂದು ಮೂರು ವರ್ಷ ಬಂತು. ಆದರೆ ಸವೆತ ಖಾತ್ರಿ.

ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಉಜ್ಜಾಟವೇ ಇಲ್ಲ. ಒಂದು ಅಯಸ್ಕಾಂತ ಅಲ್ಲಾಡುತ್ತೆ, ಪಕ್ಕದ ಸೆನ್ಸರ್ ಅದರ ಕ್ಷೇತ್ರವನ್ನ ಅಳೆಯುತ್ತೆ. ಮುಟ್ಟದೆ ಅಳೆಯೋದರಿಂದ ಪಟ್ಟಿ ಸವೆಯೋ ಪ್ರಶ್ನೆ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಹಾಕಿಸೋದು ಬ್ಯಾಟರಿ ಬದಲಿಸಿದಷ್ಟು ಸುಲಭ ಅಲ್ಲ. ಬ್ಯಾಟರಿಗೆ ಕನೆಕ್ಟರ್ ಇದೆ, ಕಿತ್ತು ಸಿಕ್ಕಿಸಿದರೆ ಮುಗೀತು. ಸ್ಟಿಕ್ ಮಾಡ್ಯೂಲ್ ಅನ್ನ ಬೋರ್ಡ್‌ಗೆ ಬೆಸುಗೆ ಹಾಕಿರ್ತಾರೆ. ಎಲ್ಲ ಕಾಲುಗಳ ಬೆಸುಗೆ ಬಿಡಿಸಿ, ಬೋರ್ಡ್‌ನ ತಾಮ್ರದ ಗೆರೆ ಕಿತ್ತುಬರದ ಹಾಗೆ ಎತ್ತಿ, ಹೊಸದನ್ನ ಕೂರಿಸಿ, ಆಮೇಲೆ ಕ್ಯಾಲಿಬ್ರೇಟ್ ಮಾಡಬೇಕು. ಇಲ್ಲದಿದ್ದರೆ ಹೊಸ ಸ್ಟಿಕ್ಕೂ ಮಧ್ಯಕ್ಕೆ ನಿಲ್ಲಲ್ಲ.

ವಿಜಯನಗರದಲ್ಲಿ ಮೊಬೈಲ್ ರಿಪೇರಿ ಮಾಡೋ ಒಬ್ಬರು ಕಂಟ್ರೋಲರ್ ಕೆಲಸವನ್ನೂ ಮಾಡ್ತಾರೆ. ಸಾಮಾನು ಎಸ್‌ಪಿ ರೋಡ್‌ನಿಂದ ತರಿಸ್ತಾರೆ. ಅವರ ಮುಂದೆ ಪ್ರಶ್ನೆ ಇಟ್ಟೆ: "ಸಾರ್, ಸೀಲಾಗಿರೋ ಲಿಮಿಟೆಡ್ ಎಡಿಷನ್ ತಂದುಕೊಟ್ರೆ ಹಾಲ್ ಎಫೆಕ್ಟ್ ಹಾಕ್ತೀರಾ?" ಅವರು ಕನ್ನಡಕ ಮೇಲಕ್ಕೆ ತಳ್ಳಿ, "ಹಾಕ್ತೀನಿ. ಆದ್ರೆ ಕೆಟ್ಟಿರೋದನ್ನ ಬಿಟ್ಟು ಕೆಡದೇ ಇರೋದನ್ನ ಯಾಕ್ ಬಿಚ್ಚಿಸ್ತೀರಿ?" ಅಂದರು.

ನೋಡಿ, ಒಂದು ವಾರ ನಾನು ಓದಿದ್ದೆಲ್ಲ ಆ ಒಂದು ಮಾತಿನ ಮುಂದೆ ಸುಮ್ಮನಾಯ್ತು. ಹುಡುಗನ ನಿಜವಾದ ತೊಂದರೆ ಏನು? ಹಳೇ ಕಂಟ್ರೋಲರ್ ಡ್ರಿಫ್ಟ್. ಅದನ್ನ ಪರಿಹರಿಸೋಕೆ ಅವನು ಲಿಮಿಟೆಡ್ ಎಡಿಷನ್ ಒಡೆಯೋಕೆ ಹೊರಟಿದ್ದ. ಎರಡೂ ಸ್ಟಿಕ್, ಕೂಲಿ ಸೇರಿ ಅವರು ಹೇಳಿದ್ದು 1,800. ಹಳೇದು ಬೋರ್ಡ್ ಕೆಟ್ಟರೂ ಹೋಗೋದು ಹಳೇ ಕಂಟ್ರೋಲರ್. ಹೊಸದು ಕೆಟ್ಟರೆ ಹೋಗೋದು 14 ಸಾವಿರ, ಮೇಲೆ ಮಾಮನ ಮುಖ. ಇಷ್ಟು ವ್ಯತ್ಯಾಸ ಇರೋವಾಗ ಯಾವುದರ ಮೇಲೆ ಬೆಸುಗೆ ಕಡ್ಡಿ ಇಡಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಲಿಮಿಟೆಡ್ ವಸ್ತುವನ್ನೇ ಮಾಡಿಫೈ ಮಾಡಬೇಕು ಅಂತ ಹಟ ಇರೋರಿಗೆ ನನ್ನ ಅಳತೆ ಒಂದೇ. ಮಾಡಿದ್ದನ್ನ ಹಿಂದಕ್ಕೆ ತರೋಕಾಗುತ್ತಾ? ಸಿಲಿಕೋನ್ ಕವರ್, ಸ್ಟಿಕ್ ಮೇಲಿನ ರಬ್ಬರ್ ಟೋಪಿ ಹಾಕಿ, ತೆಗೀಬಹುದು. ಬ್ಯಾಟರಿ ಬದಲಿಸಿ, ಹಳೇದನ್ನ ಗುರುತಿಟ್ಟುಕೊಳ್ಳಿ. ಬೆಸುಗೆ ಕೆಲಸ ಅಂದರೆ ಅರ್ಧ ಹಿಂದಕ್ಕೆ ಬರುತ್ತೆ, ಅರ್ಧ ಬರಲ್ಲ. ಹೊರಗಿನ ಪ್ಲಾಸ್ಟಿಕ್‌ಗೆ ಬಣ್ಣ, ತೂತು, ಕೆತ್ತನೆ ಬೇಡವೇ ಬೇಡ, ಏಕೆಂದರೆ ಈ ಕಂಟ್ರೋಲರ್‌ನಲ್ಲಿ ವಿಶೇಷ ಅನ್ನೋದು ಇರೋದೇ ಆ ಬೂದು ಕವಚ, ಆ ನಾಲ್ಕು ಬಣ್ಣ ಮತ್ತು ಡಬ್ಬಿಯಲ್ಲಿ. ಒಳಗಿನ ಬೋರ್ಡ್ ಎಲ್ಲರದೂ ಒಂದೇ. ತಮಾಷೆ ಏನಂದರೆ ಇದೇ ಥರ ಕಾಣೋ ಬೂದು ಕವಚಗಳನ್ನ ಬೇರೆ ಕಂಪನಿಗಳು ಮಾಡಿ ಮಾರ್ತವೆ. ಬರೀ ಲುಕ್ ಬೇಕು ಅನ್ನೋರು ಹಳೇ ಕಂಟ್ರೋಲರ್‌ಗೆ ಅದನ್ನ ಹಾಕಿಸ್ಕೊಳ್ಳಿ. ಆದರೆ ಮುಂದೆ ಮಾರೋವಾಗ ಅದು ಅಸಲಿ ಎಡಿಷನ್ ಅಲ್ಲ ಅಂತ ಹೇಳಿಯೇ ಮಾರಬೇಕು. ಕೊಳ್ಳೋರೂ ಇದೇ ಕಾರಣಕ್ಕೆ ಡಬ್ಬಿ ಮೇಲಿನ ಸೀರಿಯಲ್ ನಂಬರ್, ಬಿಲ್ ಎರಡನ್ನೂ ಕೇಳಿ.

ಮಾರೋದು. ಇಲ್ಲಿ ನನ್ನೊಳಗಿನ ಬಿಕಾಂ ಎದ್ದು ಕೂರುತ್ತೆ, ಸ್ವಲ್ಪ ಸಹಿಸ್ಕೊಳ್ಳಿ.

ಹುಡುಗನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಈ ಕಂಟ್ರೋಲರ್ ನಿನ್ನ ಹತ್ರ ಇಲ್ಲ ಅಂದ್ಕೋ. ಕೈಯಲ್ಲಿ 14 ಸಾವಿರ ಕ್ಯಾಶ್ ಇದೆ. ಹೋಗಿ ಇದನ್ನ ತಗೋತಿದ್ಯಾ?" ಅವನು ಒಂದು ಸೆಕೆಂಡೂ ಯೋಚಿಸದೆ, "ಹುಚ್ಚಾ ಅಣ್ಣಾ, ಲ್ಯಾಪ್‌ಟಾಪ್‌ಗೆ ಹಾಕ್ತಿದ್ದೆ" ಅಂದ. ಹಾಗಾದರೆ ಮಾರದೆ ಇಟ್ಕೊಳ್ಳೋದು ಅಂದರೆ ಏನು? 14 ಸಾವಿರ ಕೊಟ್ಟು ಪ್ರತಿದಿನ ಮತ್ತೆ ಕೊಂಡ ಹಾಗೆ. ಗಿಫ್ಟ್ ಅಂದರೆ ಫ್ರೀ ಅಂತ ಅನ್ಸುತ್ತೆ, ಆದರೆ ಬಿಟ್ಟುಕೊಟ್ಟ ಅವಕಾಶದ ಬೆಲೆ ಫ್ರೀ ಅಲ್ಲ.

ಹಾಗಿದ್ದರೂ ಮನಸ್ಸು ಒಪ್ಪಲ್ಲ, ಅದಕ್ಕೂ ಹೆಸರಿದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಮೂವರೂ ಸೇರಿ 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಒಂದು ಕಾಫಿ ಮಗ್ ಕೊಟ್ಟು ಎಷ್ಟಕ್ಕೆ ಮಾರ್ತೀರಿ ಅಂತ ಕೇಳಿದರು, ಮಗ್ ಇಲ್ಲದವರಿಗೆ ಎಷ್ಟಕ್ಕೆ ಕೊಳ್ತೀರಿ ಅಂದರು. ಇದ್ದವರು ಸುಮಾರು 7 ಡಾಲರ್ ಕೇಳಿದರು, ಇಲ್ಲದವರು 3 ಡಾಲರ್ ಒಳಗೇ ನಿಂತರು. ಅದೇ ಮಗ್. ಕೈಗೆ ಬಂದ ತಕ್ಷಣ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತೆ. ಮಗ್‌ಗೇ ಹೀಗಾದರೆ, ಮಾಮ ತಂದುಕೊಟ್ಟ ಕಂಟ್ರೋಲರ್‌ಗೆ ಕೇಳಬೇಕಾ?

"ಐದು ವರ್ಷ ಇಟ್ರೆ ಇನ್ನೂ ಏರಲ್ವಾ?" ಅಂತ ಅವನು ಕೇಳಿದ. ಏರಬಹುದು. ಆದರೆ ಎಷ್ಟು ಏರಿದರೆ ಲಾಭ? 14 ಸಾವಿರವನ್ನ 7 ಪರ್ಸೆಂಟ್ ಬಡ್ಡಿಗೆ 5 ವರ್ಷ ಎಫ್‌ಡಿ ಇಟ್ಟರೆ ಸುಮಾರು 19,600 ಆಗುತ್ತೆ. ಅಂದರೆ ಐದು ವರ್ಷ ಕಳೆದು, ಬ್ಯಾಟರಿ ಅರೆಜೀವ ಆಗಿರೋ ಸೀಲ್ ಡಬ್ಬಿಗೆ ಯಾರಾದರೂ 19,600ಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಇಟ್ಟಿದ್ದಕ್ಕೆ ಅರ್ಥ. ಆಗ ಪಿಎಸ್6 ಬಂದು, ಈ ಕಂಟ್ರೋಲರ್ ಅದಕ್ಕೆ ಪೂರ್ತಿ ಹೊಂದುತ್ತೋ ಇಲ್ವೋ ಯಾರು ಬಲ್ಲರು. ನಂಬರ್ ಇರೋ ಪ್ರೊ ಬಂಡಲ್ ಆಗಿದ್ದರೆ ನನ್ನ ಲೆಕ್ಕ ಬೇರೆ ಇರ್ತಿತ್ತು. ಬರೀ ಕಂಟ್ರೋಲರ್‌ಗೆ, ದುಡ್ಡಿನ ಅವಶ್ಯಕತೆ ಇರೋ ಮನೆಯಲ್ಲಿ, ನಾನು ಕಾಯಲ್ಲ.

ಟ್ಯಾಕ್ಸ್ ಬಗ್ಗೆ ಎಲ್ಲರೂ ಕೇಳ್ತೀರಿ, ಬೇಗ ಹೇಳಿ ಮುಗಿಸ್ತೀನಿ. ನಿಮ್ಮ ಸ್ವಂತ ಬಳಕೆಯ ವಸ್ತು ಮಾರಿದರೆ, ಅದನ್ನ ನಮ್ಮ ಆದಾಯ ತೆರಿಗೆ ಕಾನೂನು ದಶಕಗಳಿಂದ ಬಂಡವಾಳ ಆಸ್ತಿ ಅಂತ ನೋಡಲ್ಲ. ಒಡವೆ, ಪೇಂಟಿಂಗ್, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹ ಇವಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ಹಾಗಾಗಿ ಒಂದು ಕಂಟ್ರೋಲರ್ ಮಾರಿ ತಲೆ ಕೆಡಿಸ್ಕೋಬೇಡಿ. ಆದರೆ ಹತ್ತು ಕೊಂಡು ಹತ್ತು ಮಾರಿದರೆ ಅದು ವ್ಯಾಪಾರ, ಅದರ ಲಾಭ ನಿಮ್ಮ ಆದಾಯ. ಕರ್ನಾಟಕದಲ್ಲಿ ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. "ಯುಪಿಐನಲ್ಲಿ ಬಂದಿದ್ದು ಯಾರಿಗೆ ಗೊತ್ತಾಗುತ್ತೆ" ಅನ್ನೋರು 2025ರ ಜುಲೈ ನೆನಪಿಸ್ಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದೇ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕೊಟ್ಟಿತ್ತು. ನಮ್ಮ ಏರಿಯಾದಲ್ಲೂ ಎಷ್ಟೋ ಅಂಗಡಿ ಮುಂದೆ ಕ್ಯೂಆರ್ ಕೋಡ್ ಕಿತ್ತು "ಓನ್ಲಿ ಕ್ಯಾಶ್" ಬೋರ್ಡ್ ಬಂದಿತ್ತು.

ಕೊಡೋ ಕೊಳ್ಳೋ ಜಾಗದ ಬಗ್ಗೆ ಒಂದು ಮಾತು. ಮೆಟ್ರೋ ಸ್ಟೇಷನ್‌ನಂಥ ಜನ ಓಡಾಡೋ ಜಾಗದಲ್ಲಿ ಭೇಟಿ ಮಾಡಿ, ಒಬ್ಬರೇ ಹೋಗಬೇಡಿ. ಅವರು ತೋರಿಸೋ ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ದುಡ್ಡು ಬಿದ್ದಿದೆಯಾ ನೋಡಿ. ದುಡ್ಡು ತಗೊಳ್ಳೋಕೆ ಯಾವತ್ತೂ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕಿಲ್ಲ. "ನಾನು ಆರ್ಮಿಯವನು, ಬರೋಕಾಗಲ್ಲ, ಕ್ಯೂಆರ್ ಕಳಿಸ್ತೀನಿ" ಅಂತ ಯಾರಾದರೂ ಅಂದರೆ ಅಲ್ಲೇ ಕಟ್ ಮಾಡಿ. ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಸಾಧ್ಯತೆ ಹೆಚ್ಚು.

ಉಳಿದದ್ದು ಬಳಸೋದು. ಇದರ ಬಗ್ಗೆ ನನಗೆ ಒಂದು ಪಕ್ಷಪಾತ ಇದೆ, ಮುಚ್ಚಿಡಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಅನ್ನೋ ಭಾಗದಲ್ಲಿ ಗಂಜೀಫಾ ಕಾರ್ಡ್ ಆಟಗಳ ವಿವರ ಇದೆ. ಕೈಯಿಂದ ಬಣ್ಣ ಹಾಕಿದ ದುಂಡು ದುಂಡು ಕಾರ್ಡ್‌ಗಳು, ಆ ಕಾಲದ ಲಿಮಿಟೆಡ್ ಎಡಿಷನ್ ಅನ್ನಿ. ಇವತ್ತು ಆ ಕಾರ್ಡ್‌ಗಳನ್ನ ಗಾಜಿನ ಹಿಂದೆ ನೋಡಿ "ಅಬ್ಬಾ" ಅಂತೀವಿ, ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ತೀವಿ. ಆಡೋಕೆ ಬರೋರನ್ನ ಮಾತ್ರ ಹುಡುಕಬೇಕು. ನನ್ನ ಕೆಂಪು ಸಾಧನದ ಕಥೆಯೂ ಅದೇ ಆಯ್ತು, ಗೋಡೆ ಬದಲು ಅಟ್ಟ ಅಷ್ಟೇ. ಆ ವಯಸ್ಸಿನಲ್ಲಿ ಆಡಬೇಕಾಗಿದ್ದ ಆಟಗಳನ್ನ ಈಗ ಆಡ್ತೀನಿ ಅಂದರೂ ಆ ರಜೆ ಎಲ್ಲಿಂದ ತರೋದು?

ಹಾಗಂತ ಹುಡುಗನಿಗೆ "ಒಡೆದು ಆಡು" ಅಂತ ನಾನು ಹೇಳಲಿಲ್ಲ. ಅವನ ಮನೆಯಲ್ಲಿ ಲ್ಯಾಪ್‌ಟಾಪ್ ಶೋಕಿ ಅಲ್ಲ, ಬಿಸಿಎಗೆ ಬೇಕೇ ಬೇಕು. ನನ್ನ ಮಾತು ಇಷ್ಟಿತ್ತು: ಹಳೇದನ್ನ 1,800 ಕೊಟ್ಟು ಸರಿ ಮಾಡಿಸು, ಹೊಸದನ್ನ ಈಗಲೇ ಮಾರು, ಆದರೆ ಮಾಮನಿಗೆ ಹೇಳದೆ ಮಾರಬೇಡ. ಎರಡು ವಾರ ಕಾದು, ಅವರು ಫ್ಲೈಟ್ ಹತ್ತಿದ ಮೇಲೆ ಮಾರೋ ಪ್ಲಾನ್ ಅವನ ತಲೆಯಲ್ಲಿತ್ತು. ಅದು ಬೇಡ ಅಂದೆ. ಮುಂದಿನ ಸಲ ವಿಡಿಯೋ ಕಾಲ್‌ನಲ್ಲಿ "ಎಲ್ಲಿ ತೋರ್ಸೋ ಕಂಟ್ರೋಲರ್" ಅಂದರೆ ಏನ್ಮಾಡ್ತೀಯಾ?

ಮೂರು ದಿನ ಬಿಟ್ಟು ಅವನ ವಾಯ್ಸ್ ನೋಟ್ ಬಂತು. ಮೊದಲು ಹಳೇ ಕಂಟ್ರೋಲರ್ ವಿಜಯನಗರಕ್ಕೆ ಹೋಗಿ ಸರಿಯಾಗಿ ಬಂದಿದೆ, ಪಾತ್ರ ಈಗ ಗೋಡೆ ಕಡೆ ನಡೀತಿಲ್ಲ. ಆಮೇಲೆ ಮಾಮನ ಮುಂದೆ ಬಾಯಿ ಬಿಟ್ಟಿದ್ದಾನೆ. ಅವರಮ್ಮನಿಗೆ ಸಿಟ್ಟು ಬಂತಂತೆ, "ಕೊಟ್ಟಿದ್ದನ್ನ ಮಾರ್ತೀನಿ ಅಂತ ಕೊಟ್ಟೋರ ಮುಂದೇನೇ ಹೇಳ್ತೀಯಲ್ಲೋ" ಅಂತ. ಮಾಮ ಮಾತ್ರ ನಕ್ಕು, "ಕೊಟ್ಟ ಮೇಲೆ ಅದು ನಿಂದು ಕಣೋ. ಮಾರ್ಕೋ. ಆದ್ರೆ ನಾನು ಇದನ್ನ ತರೋಕೆ ಬೆಳಗ್ಗೆ ಕ್ಯೂ ನಿಂತಿದ್ದೆ. ಒಂದು ಸಲ ಇಬ್ಬರೂ ಆಡೋಣ, ಆಮೇಲೆ ಮಾರು" ಅಂದರಂತೆ.

ಪೇಚು ಅರ್ಥ ಆಯ್ತಲ್ಲ? ಆಡಬೇಕು ಅಂದರೆ ಸೀಲ್ ಒಡೀಬೇಕು. ಅವನು ಕೊಳ್ಳೋರಿಗೆ ಮೆಸೇಜ್ ಹಾಕಿ ಕೇಳಿದ: ಓಪನ್ ಆಗಿದ್ರೆ ಎಷ್ಟು ಕೊಡ್ತೀರಿ? 11 ಸಾವಿರ ಅಂತ ಉತ್ತರ ಬಂತು. ಅಂದರೆ ಮಾಮನ ಜೊತೆ ಒಂದು ಸಂಜೆ ಆಡೋ ಬೆಲೆ 3 ಸಾವಿರ. ನನಗೆ ಫೋನ್ ಮಾಡಿ, "ಅಣ್ಣಾ, ಇದಕ್ಕೆ ನಿಮ್ಮ ಬಿಕಾಂನಲ್ಲಿ ಏನಾದ್ರೂ ಇದ್ಯಾ?" ಅಂದ. ಇಲ್ಲಪ್ಪ ಅಂದೆ.

ಭಾನುವಾರ ಒಡೆದರು. ಮಾಮ ಬೂದು ಕಂಟ್ರೋಲರ್, ಇವನು ರಿಪೇರಿಯಾದ ಹಳೇದು. ಫುಟ್‌ಬಾಲ್ ಗೇಮ್‌ನಲ್ಲಿ ಮಾಮ ಐದು ಗೋಲಿನಿಂದ ಸೋತು, ಕಂಟ್ರೋಲರ್ ಸರಿಯಿಲ್ಲ ಅಂದರಂತೆ. ಮಾಮ ಹೋಗೋಕೆ ಇನ್ನೂ ಐದು ದಿನ ಇದೆ, 11 ಸಾವಿರದ ಆಫರ್ ಈ ತಿಂಗಳ ಕೊನೆಯವರೆಗೂ ಇದೆ. ನಾನು ಈ ಎಪಿಸೋಡ್ ರೆಕಾರ್ಡ್ ಮಾಡೋ ಹೊತ್ತಿಗೆ ಕಂಟ್ರೋಲರ್ ಕೆಂಗೇರಿಯ ಆ ಮನೆಯ ಟೀವಿ ಸ್ಟ್ಯಾಂಡ್ ಮೇಲೆ ಇದೆ. ಡಬ್ಬಿ, ಬಿಲ್ ಎರಡನ್ನೂ ಬೀರುವಿನಲ್ಲಿ ಎತ್ತಿಟ್ಟಿದ್ದಾನೆ, ನುಸಿಗುಳಿಗೆ ಹಾಕಿಲ್ಲ.